ಹೆವಿ ಮೆಟಲ್: ಹಾಡನ್ನು ಇಡಿಯಾಗಿ ಓದಬೇಕು

ಮಾನ್ಯ ಸಂಪಾದಕರೇ,

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಹಾಡುಗಳೆಂದರೆ ಸಾವು, ಸೈತಾನ, ರಕ್ತಪಾತಗಳ ವೈಭವೀಕರಣವೆಂಬ ಆಕ್ಷೇಪ ನಮ್ಮ ನಗರದಲ್ಲಿ ಆಗಾಗ ಕೇಳಿಬರುತ್ತದೆ. ಒಂದೆರಡು ಸಾಲುಗಳನ್ನು ಕಿತ್ತು ತೆಗೆದು ಇಂಥ ತೀರ್ಮಾನಕ್ಕೆ ಬರುವವರು, ಹಾಡಿನೊಳಗೆ ಆ ಮಾತನ್ನು ಆಡುತ್ತಿರುವವರು ಯಾರೆಂಬುದನ್ನು ಗಮನಿಸುವುದೇ ಇಲ್ಲ. ಬ್ಲ್ಯಾಕ್ ಸಬತ್ ತಂಡದ 1970ರ ‘ವಾರ್ ಪಿಗ್ಸ್’ನಲ್ಲಿ ಮಾಟಗಾತಿಯರ ಪ್ರಸ್ತಾಪವಿರುವುದು ನಿಜ, ಆದರೆ ಅಲ್ಲಿ ಅವರಿಗೆ ಹೋಲಿಸಿರುವುದು ಯುದ್ಧ ಹೂಡುವ ಸೇನಾಧಿಪತಿಗಳನ್ನು, ಮತ್ತು ಬಡವರನ್ನು ರಣರಂಗಕ್ಕೆ ಅಟ್ಟಿದವರು ಕೊನೆಗೆ ದೇವರ ತೀರ್ಪಿನೆದುರು ಮಂಡಿಯೂರಿ ತೆವಳುತ್ತಾರೆ. ಐರನ್ ಮೇಡನ್ ತಂಡದ 1982ರ ‘ರನ್ ಟು ದ ಹಿಲ್ಸ್’ ಇನ್ನೂ ಸೂಕ್ಷ್ಮವಾದುದು: ಮೊದಲು ಕೇಳುವುದು ನೆಲ ಕಳೆದುಕೊಂಡ ಅಮೆರಿಕದ ಮೂಲನಿವಾಸಿಯ ದನಿ, ಬಳಿಕ ಅವರನ್ನು ಬೆನ್ನಟ್ಟುವ ಸೈನಿಕನ ದನಿ. ಎರಡನೆಯದನ್ನಷ್ಟೇ ಓದಿದವರಿಗೆ ಅದು ಹತ್ಯೆಯ ಹೊಗಳಿಕೆಯಂತೆಯೇ ಕಂಡೀತು. ಯಕ್ಷಗಾನದ ರಾಕ್ಷಸವೇಷದ ಅಬ್ಬರಕ್ಕೆ ತಲೆದೂಗುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಹಾಗೆಂದು ಎಲ್ಲ ಹಾಡುಗಳಿಗೂ ಗಹನವಾದ ಅರ್ಥವಿದೆಯೆಂದು ವಾದಿಸಲಾರೆ. ಬೆಚ್ಚಿಬೀಳಿಸುವುದಕ್ಕೆಂದೇ ಬರೆದ ಕಳಪೆ ಸಾಲುಗಳೂ ಧಾರಾಳವಾಗಿವೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕ ಅರಮನೆ ಮೈದಾನದಲ್ಲಿ ಹಾಡಿ ಹೋದ ಊರಿದು. ಇಂಥ ಕಾರ್ಯಕ್ರಮಗಳ ನೂಕುನುಗ್ಗಲು, ವಾಹನದಟ್ಟಣೆಗಳ ವರದಿಯ ಜೊತೆಗೆ, ಒಂದಾದರೂ ಹಾಡಿನ ಸಾಹಿತ್ಯವನ್ನು ಇಡಿಯಾಗಿ ಚರ್ಚಿಸುವ ಲೇಖನವನ್ನು ತಮ್ಮ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಬಸವನಗುಡಿ, ಬೆಂಗಳೂರು