ಗೆಳೆಯನಿಗೊಂದು ಪತ್ರ: ಅಂಚೆಯಲ್ಲಿ ಬರುವ ಗೆರೆ

ಪ್ರೀತಿಯ ಗೆಳೆಯಾ,

ಆ ಹಿರಿಯ ಚಿತ್ರಕಾರರು ನಿನಗೆ ಕಲಿಸಲು ಒಪ್ಪಿದ್ದು, ಫೋನು ಬೇಡ, ಕೈಯಾರೆ ಬರೆದ ಕಾಗದವೇ ಬರಲಿ ಎಂದದ್ದು ತಿಳಿದು ತುಂಬಾ ಸಂತೋಷವಾಯಿತು. ಕುಂಚ ಹಿಡಿಯುವುದನ್ನು ಟಪಾಲಿನಲ್ಲಿ ಕಲಿಸಲು ಆಗುತ್ತದೆಯೇ ಎಂದು ಕೇಳಿದ್ದೀಯ. ಖಂಡಿತ ಆಗುತ್ತದೆ. ಆದರೆ ಅದಕ್ಕೆ ಅದರದೇ ಒಂದು ಪದ್ಧತಿ ಬೇಕು. ಅದಿಲ್ಲದೆ ಶುರುವಾದ ಕಾಗದಗಳು ಆರು ತಿಂಗಳಲ್ಲಿ ಬರೀ ಕ್ಷೇಮಸಮಾಚಾರಕ್ಕೆ ಬಂದು ನಿಲ್ಲುತ್ತವೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಚಿತ್ರಕಾರ ನಂದಲಾಲ್ ಬೋಸರನ್ನು ನೆನೆಯೋಣ. 1882ರಲ್ಲಿ ಬಿಹಾರದ ಖರಗ್‌ಪುರದಲ್ಲಿ ಹುಟ್ಟಿದವರು, ಅವನೀಂದ್ರನಾಥ ಠಾಕೂರರ ಶಿಷ್ಯರು, ರಾಮಕೃಷ್ಣ ಪರಮಹಂಸರ ಮತ್ತು ಶಾರದಾದೇವಿಯವರ ಭಕ್ತರು. 1951ರಲ್ಲಿ ನಿವೃತ್ತರಾಗುವವರೆಗೆ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನವನ್ನು ಮುನ್ನಡೆಸಿದವರು. ಶಿಷ್ಯರ ಬಾಯಲ್ಲಿ ಅವರು 'ಮಾಸ್ಟರ್‌ಮಶಾಯ್', ಅಂದರೆ ಬಂಗಾಳಿಯಲ್ಲಿ ಮೇಷ್ಟ್ರು. ಊರು ಬಿಟ್ಟು ಹೋದಾಗಲೆಲ್ಲ ಅವರಿಂದ ಶಿಷ್ಯರಿಗೆ, ಗೆಳೆಯರಿಗೆ, ಮನೆಯವರಿಗೆ ಅಂಚೆ ಕಾರ್ಡು ಬರುತ್ತಿತ್ತು. ಅದರ ಮೇಲೆ ನಾಲ್ಕಾರು ಗೆರೆಯಲ್ಲಿ ಒಂದು ಮರ, ಒಂದು ದೋಣಿ ಅಥವಾ ಒಂದು ಪ್ರಾಣಿ, ಪಕ್ಕದಲ್ಲಿ ಎರಡು ಮಾತು. ಪಾಠವನ್ನು ಅವರು ವಿವರಿಸಿ ಬರೆಯುತ್ತಿರಲಿಲ್ಲ. ತಾವು ಅಂದು ಹೇಗೆ ನೋಡಿದರೋ ಅದನ್ನೇ ಕಳಿಸುತ್ತಿದ್ದರು. ಧಾರವಾಡದಲ್ಲಿ ಹುಟ್ಟಿ, ಅವರ ಬಳಿ ಕಲಿತು, ಮುಂದೆ ಅದೇ ಕಲಾಭವನದ ಪ್ರಾಂಶುಪಾಲರಾದ ದಿನಕರ ಕೌಶಿಕರು ಗುರುವಿನ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ; ಸಿಕ್ಕರೆ ಓದು.

ಕಾರ್ಡನ್ನು ಓದುವ ಕ್ರಮವೇ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ. ಗುರುಗಳು ಬರೆದ ಚಿತ್ರ ಬಂದ ದಿನ 'ಎಷ್ಟು ಚೆನ್ನಾಗಿದೆ' ಎಂದು ಎತ್ತಿಡಬೇಡ. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಾರ್ಡನ್ನು ಓರೆಯಾಗಿ ಹಿಡಿ. ಕುಂಚ ಕಾಗದಕ್ಕೆ ತಾಗಿದ ಜಾಗದಲ್ಲಿ ಶಾಯಿ ಗುಂಡಗೆ, ಗಾಢವಾಗಿ ನಿಂತಿರುತ್ತದೆ. ಎತ್ತಿದ ಜಾಗದಲ್ಲಿ ಕೂದಲು ಸೀಳಿ ಒಣಗೆರೆಯಾಗಿರುತ್ತದೆ. ಹಾಗಾಗಿ ಪ್ರತಿ ಗೆರೆಯ ತಲೆ ಯಾವುದು, ಬಾಲ ಯಾವುದು ಎಂಬುದು ತಿಳಿಯುತ್ತದೆ. ಎರಡು ಗೆರೆ ಹಾಯುವ ಜಾಗ ನೋಡು. ಮೊದಲನೆಯದು ಒಣಗಿದ ಮೇಲೆ ಎರಡನೆಯದು ಬಂದಿದ್ದರೆ ಕೂಡಿದಲ್ಲಿ ಅಂಚು ಸ್ಪಷ್ಟ, ಬಣ್ಣ ದುಪ್ಪಟ್ಟು. ಹಸಿಯಿದ್ದಾಗಲೇ ಬಂದಿದ್ದರೆ ಒಂದು ಇನ್ನೊಂದರೊಳಗೆ ಕದಡಿರುತ್ತದೆ. ಇಷ್ಟು ಹಿಡಿದುಕೊಂಡರೆ, ಕಾರ್ಡಿನಲ್ಲಿ ಒಂದು ಆಡಿನ ಚಿತ್ರವಿದ್ದರೆ, ಅದನ್ನು ಬೆನ್ನಿನಿಂದ ಶುರು ಮಾಡಿದರೋ ಕಾಲಿನಿಂದಲೋ, ಎಲ್ಲಿ ತಡೆದರು, ಎಲ್ಲಿ ಒಂದೇ ಉಸಿರಿಗೆ ಎಳೆದರು ಎಂದು ನೀನೇ ಹೇಳಬಲ್ಲೆ. ಗೆರೆಗಳನ್ನು ಎಣಿಸು. ಹನ್ನೊಂದು ಇದ್ದರೆ ಹನ್ನೊಂದೇ ಗೆರೆಯಲ್ಲಿ ಅದೇ ಕ್ರಮದಲ್ಲಿ ಬರೆ. ಹತ್ತು ಸಲವಾದರೂ ಬರೆದ ಮೇಲೆ ಉತ್ತರಕ್ಕೆ ಕೂರು. ಇದೊಂದೂ ಮೊಬೈಲಿನ ಫೋಟೊದಲ್ಲಿ ಕಾಣುವುದಿಲ್ಲ. ಅವರು ಕಾಗದವನ್ನೇ ಕೇಳಿದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

ಆದರೆ ಈ ನಕಲು ಕ್ರಮ ತಿಳಿಯುವುದಕ್ಕೆ ಮಾತ್ರ. ಇಂಗ್ಲೆಂಡಿನ ಚಿತ್ರಕಾರ್ತಿ ಲೇಡಿ ಹೆರಿಂಗ್‌ಹ್ಯಾಮ್ ಅಜಂತೆಯ ಚಿತ್ರಗಳನ್ನು ನಕಲು ಮಾಡಿಸಿದಾಗ ನಂದಲಾಲರೂ ಹೋಗಿದ್ದರು, ಮೈಸೂರಿನ ನಮ್ಮ ಕೆ. ವೆಂಕಟಪ್ಪನವರೂ ಹೋಗಿದ್ದರು. ಇಬ್ಬರೂ ಅದೇ ಗೋಡೆಯ ಮುಂದೆ ಕುಳಿತರು, ಇಬ್ಬರ ಕೈ ಮುಂದೆ ಬೇರೆ ಬೇರೆ ದಾರಿ ಹಿಡಿಯಿತು. ನಂದಲಾಲರ ಶಿಷ್ಯರಾದ ರಾಮ್‌ಕಿಂಕರ್ ಬೈಜ್, ಬಿನೋದಬಿಹಾರಿ ಮುಖರ್ಜಿ ಇವರಲ್ಲಿ ಒಬ್ಬರ ಗೆರೆಯೂ ಗುರುವಿನಂತಿಲ್ಲ. ಕಾಗದದಲ್ಲಿ ಕಲಿಯುವವನಿಗೆ ಗುರುವಿನ ನೆರಳಾಗಿಬಿಡುವ ಅಪಾಯ ಹೆಚ್ಚು. ಎದುರಿಗೆ ಗುರು ಇಲ್ಲ, ಇರುವುದು ಅವರ ಗೆರೆ ಮಾತ್ರ. ಆದ್ದರಿಂದ ಕೈ ಅದನ್ನೇ ಅನುಕರಿಸುತ್ತದೆ. ಮದ್ದು ಸರಳ: ನಕಲು ಮುಗಿದ ದಿನವೇ ಜೀವಂತ ಆಡಿನ ಮುಂದೆ ಕುಳಿತು, ಕಾರ್ಡನ್ನು ಮನೆಯಲ್ಲಿಟ್ಟು, ನಿನ್ನ ಆಡನ್ನು ಬರೆ. ಗುರುಗಳಿಗೆ ಕಳಿಸಬೇಕಾದದ್ದು ಈ ಎರಡನೆಯದು.

ಈಗ ನೀನು ಕಳಿಸುವ ಕಾಗದದ ವಿಷಯ. ಒಂದು ಕಾಗದಕ್ಕೆ ಒಂದೇ ಪ್ರಶ್ನೆ. ಐದು ಕೇಳಿದರೆ ಹಿರಿಯರು ಸುಲಭವಾದದ್ದಕ್ಕೆ ಉತ್ತರ ಬರೆದು ಮುಗಿಸುತ್ತಾರೆ, ನಿನಗೆ ಬೇಕಾದದ್ದು ಉಳಿದುಹೋಗುತ್ತದೆ. 'ನನ್ನ ಚಿತ್ರ ಹೇಗಿದೆ' ಎಂಬುದನ್ನು ಪ್ರಶ್ನೆಯೆಂದು ಎಣಿಸಬೇಡ. 'ಬಾಳೆ ಎಲೆಯ ನಡುದಿಂಡು ಬಾಗುವ ಜಾಗದಲ್ಲಿ ನನ್ನ ಗೆರೆ ಮುರಿದಂತೆ ಕಾಣುತ್ತದೆ, ಕುಂಚ ತಿರುಗಿಸಬೇಕೋ ಮಣಿಕಟ್ಟು ತಿರುಗಿಸಬೇಕೋ' ಎಂದು ಕೇಳು, ಅದಕ್ಕೆ ಉತ್ತರ ಬರುತ್ತದೆ. ಜೊತೆಗೆ ನಿನ್ನ ಅತ್ಯುತ್ತಮ ಚಿತ್ರವನ್ನಲ್ಲ, ಕೆಟ್ಟದ್ದನ್ನು ಕಳಿಸು. ಒಳ್ಳೆಯದನ್ನು ಕಳಿಸಿದರೆ ಮೆಚ್ಚುಗೆ ಬರುತ್ತದೆ, ಮೆಚ್ಚುಗೆಯಿಂದ ಕೈ ಕಲಿಯುವುದು ಕಡಿಮೆ. ಜೆರಾಕ್ಸ್ ಬೇಡ, ಮೂಲವನ್ನೇ ಕಳಿಸು, ಪ್ರತಿ ನಿನ್ನಲ್ಲಿರಲಿ.

ತಿದ್ದುಪಡಿಗೆ ಜಾಗ ಮಾಡಿಕೊಡು. ಚಿತ್ರದ ಮೇಲಂಚಿಗೆ ಬಟರ್ ಪೇಪರಿನ ಒಂದು ಹಾಳೆಯನ್ನು ಮೈದಾ ಅಂಟಿನ ತೆಳು ಪಟ್ಟಿಯಿಂದ ಅಂಟಿಸು. ಅವರು ಅದರ ಮೇಲೆ ತಿದ್ದಿದರೆ ನಿನ್ನ ತಪ್ಪು, ಅವರ ತಿದ್ದು ಎರಡೂ ಒಂದರ ಮೇಲೊಂದು ಕಾಣುತ್ತವೆ, ಹಾಳೆ ಎತ್ತಿದರೆ ಬೇರೆಯಾಗುತ್ತವೆ. ನೇರ ಚಿತ್ರದ ಮೇಲೇ ತಿದ್ದಿದರೆ ನಿನ್ನ ತಪ್ಪೇ ಅಳಿಸಿಹೋಗುತ್ತದೆ. ಗುಂಡುಪಿನ್ನು, ಸ್ಟೇಪಲ್ ಬೇಡ; ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ.

ಪ್ರತಿ ಕಾಗದದ ಮೇಲೆ ದಿನಾಂಕ ಮತ್ತು ಕ್ರಮಸಂಖ್ಯೆ ಇರಲೇಬೇಕು: ಕಾಗದ 1, ಕಾಗದ 2. ಅವರ ಉತ್ತರ ದಾರಿಯಲ್ಲಿರುವಾಗಲೇ ನೀನು ಇನ್ನೊಂದು ಹಾಕಿದರೆ ಎರಡೂ ಹಾದುಹೋಗುತ್ತವೆ. ಆಮೇಲೆ ಯಾವ ಮಾತು ಯಾವ ಚಿತ್ರಕ್ಕೆ ಎಂಬುದೇ ಗೊಂದಲ. 'ನಿಮ್ಮ 4ನೇ ಕಾಗದ ನೋಡಿದ ಮೇಲೆ ಬರೆಯುತ್ತಿರುವುದು' ಎಂಬ ಒಂದೇ ಸಾಲು ಇದನ್ನೆಲ್ಲ ತಪ್ಪಿಸುತ್ತದೆ. ಉತ್ತರ ಬಾರದೆ ಮೂರು ವಾರ ಕಳೆಯುವವರೆಗೆ ಇನ್ನೊಂದನ್ನು ಹಾಕಬೇಡ. ಅವರು ಸುಮ್ಮನಿದ್ದರೆ ಬೇಸರವಾಗಿದೆ ಎಂದು ಊಹಿಸಿಕೊಂಡು ಕ್ಷಮಾಪಣೆಯ ಕಾಗದ ಬರೆಯುವವರಿದ್ದಾರೆ. ಅದು ಇಬ್ಬರಿಗೂ ಭಾರ.

ತಡವಾಗುವುದರಲ್ಲಿ ಒಂದು ಲಾಭವೂ ಒಂದು ಅಪಾಯವೂ ಇವೆ. ನಂದಲಾಲರು ಉಮೆಯ ತಪಸ್ಸಿನ ಚಿತ್ರ ಬರೆದಾಗ ಅವನೀಂದ್ರನಾಥರು ನೋಡಿ, ಬಣ್ಣ ತೀರಾ ಕಡಿಮೆಯಾಯಿತು, ಉಮೆಗೆ ಸ್ವಲ್ಪ ಅಲಂಕಾರವಾದರೂ ಬೇಡವೇ ಎಂದಿದ್ದರಂತೆ. ಆ ರಾತ್ರಿ ಅವನೀಂದ್ರನಾಥರಿಗೆ ನಿದ್ದೆ ಬರಲಿಲ್ಲ. ತಪಸ್ಸಿಗೆ ಕುಳಿತವಳನ್ನು ಶಿಷ್ಯ ಕಂಡದ್ದೇ ಹಾಗೆ, ತಾನೇಕೆ ಬಣ್ಣ ಹಾಕಿಸಲು ಹೋದೆ ಎನ್ನಿಸಿತು. ಬೆಳಗಾಗುತ್ತಲೇ ಶಿಷ್ಯನ ಬಳಿಗೆ ಓಡಿ, ಬಣ್ಣ ಬೀಳುವ ಮೊದಲು ತಡೆದರು. ಇದನ್ನು ಅವನೀಂದ್ರನಾಥರೇ ಹೇಳಿಕೊಂಡಿದ್ದಾರೆ. ಒಂದೇ ಊರಿನಲ್ಲಿದ್ದುದರಿಂದ ಆ ಓಟ ಸಾಧ್ಯವಾಯಿತು. ಅಂಚೆಯಲ್ಲಿ ಬಂದ ತಿದ್ದುಪಡಿಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಗುರುವಿಗೆ ಆಗುವುದಿಲ್ಲ. ಹಾಗಾಗಿ ಸಲಹೆ ಬಂದ ಕೂಡಲೇ ಮೂಲ ಚಿತ್ರದ ಮೇಲೆ ಕೈ ಇಡಬೇಡ. ಬೇರೆ ಹಾಳೆಯಲ್ಲಿ ಮಾಡಿ ನೋಡು, ಎರಡನ್ನೂ ಅಕ್ಕಪಕ್ಕ ಇಟ್ಟು ನಾಲ್ಕು ದಿನ ಓಡಾಡು, ಆಮೇಲೆ ಎರಡನ್ನೂ ಕಳಿಸು. ಗುರು ತಮ್ಮ ಮಾತನ್ನು ತಾವೇ ತೂಗಿ ನೋಡಲು ನೀನು ಕೊಡುವ ಅವಕಾಶ ಅದು.

ಅಧ್ಯಾತ್ಮದ ಬಗ್ಗೆ ಕೇಳಬಹುದೇ ಎಂದಿದ್ದೀಯ. ನನ್ನ ಅಭಿಪ್ರಾಯ ಹೇಳುತ್ತೇನೆ: ಮೊದಲ ವರ್ಷ ಬೇಡ. ನಿನ್ನ ಗುರುಗಳು ಸಾಧಕರು ಎಂಬುದು ಊರಿಗೇ ಗೊತ್ತು. ಆದರೆ ಅವರ ಸಾಧನೆ ಇರುವುದು ಒಂದು ಎಲೆಯನ್ನು ಗಂಟೆಗಟ್ಟಲೆ ನೋಡುವುದರಲ್ಲಿ. ನೀನು ಎಲೆಯ ಬಗ್ಗೆ ಕೇಳಿದರೆ ಆ ಸಾಧನೆಯೊಳಗಿಂದಲೇ ಉತ್ತರ ಬರುತ್ತದೆ. ಧ್ಯಾನದ ಬಗ್ಗೆ ಕೇಳಿದರೆ ಪುಸ್ತಕದಲ್ಲಿ ಸಿಗುವಂಥ ಮಾತೇ ಬಂದೀತು.

ಸಾಮಾನುಗಳು. ಅಂಚೆ ಕಚೇರಿಯ ಹಳದಿ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಅದರ ಮೇಲೆ ನೀರಾದ ಶಾಯಿ ಹಾಕಿದರೆ ಗೆರೆಯ ಅಂಚು ಹಬ್ಬುತ್ತದೆ. ತಡೆಯಬೇಕಾದರೆ 200 ಮಿ.ಲೀ. ನೀರಿಗೆ 3 ಗ್ರಾಂ ಜೆಲಟಿನ್ ಪುಡಿ ನೆನೆಸಿ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, 1 ಗ್ರಾಂ ಪಟಿಕದ ಪುಡಿ ಸೇರಿಸಿ, ಅಗಲ ಕುಂಚದಿಂದ ಒಂದೇ ಸಲ ತೆಳ್ಳಗೆ ಸವರು. ಕುದಿಸಿದರೆ ಜೆಲಟಿನ್ನಿನ ಹಿಡಿತ ಹೋಗುತ್ತದೆ. ಪಟಿಕ ಹೆಚ್ಚಾದರೆ ಹುಳಿ ಹೆಚ್ಚಿ ಕಾಗದ ಬೇಗ ಹಳದಿಯಾಗಿ ಮುರಿಯುತ್ತದೆ. ದಪ್ಪಗೆ ಸವರಿದರೆ ಶಾಯಿ ಮೇಲೇ ಜಾರುತ್ತದೆ. ನೆರಳಿನಲ್ಲಿ ಒಣಗಿಸಿ, ಕಾರ್ಡು ಸುರುಳಿಯಾಗದಂತೆ ಪುಸ್ತಕದ ಕೆಳಗಿಡು.

ಶಾಯಿ ಕಾಡಿಗೆಯದಾಗಿರಲಿ. ಫೌಂಟನ್ ಪೆನ್ನಿನ ನೀಲಿ ಶಾಯಿಗೆ ಒಂದು ಹನಿ ಮಳೆ ಸಾಕು, ವಿಳಾಸವೇ ಹೋಗಿಬಿಡುತ್ತದೆ. ಕಾಡಿಗೆಯಿಂದ ಮಾಡುವ ಇಂಡಿಯನ್ ಇಂಕು ನೀರಿಗೆ ಜಗ್ಗುವುದಿಲ್ಲ, ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಒಣಗಿ ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬಿಗೆ ಅಥವಾ ಕುಂಚಕ್ಕೆ ಮಾತ್ರ ಇಟ್ಟುಕೋ. ವಿಳಾಸದ ಬದಿಯಲ್ಲಿ ಚಿತ್ರ ಬೇಡ, ಮೊಹರು ಅದರ ಮೇಲೇ ಬಿದ್ದೀತು. ಲಕೋಟೆಯಲ್ಲಿ ಹಾಕುವುದಾದರೆ ತೂಕ ನೋಡು. ಸಾಮಾನ್ಯ ಎ4 ಹಾಳೆ ನಾಲ್ಕೂವರೆ ಗ್ರಾಂ ಹತ್ತಿರ ತೂಗುತ್ತದೆ. ಮೂರು ಹಾಳೆ ಮತ್ತು ಲಕೋಟೆ ಸೇರಿ 20 ಗ್ರಾಮಿನೊಳಗೆ ನಿಲ್ಲುತ್ತದೆ. ಅದು ಮೀರಿ ಅಂಚೆಚೀಟಿ ಕಡಿಮೆಯಾದರೆ ಕೊರತೆಯ ಎರಡರಷ್ಟನ್ನು ಪಡೆಯುವವರು ಕೊಡಬೇಕು. ಗುರುಗಳ ಬಾಗಿಲಲ್ಲಿ ಅಂಚೆಯವನು ದುಡ್ಡು ಕೇಳುವಂತೆ ಆಗಬಾರದು. ಮುಖ್ಯವಾದದ್ದಕ್ಕೆ ಸ್ಪೀಡ್ ಪೋಸ್ಟ್ ಮಾಡು. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರೊಳಗೇ ಸೇರಿಹೋಗಿದೆ.

ಬಂದ ಕಾಗದಗಳನ್ನು ಲ್ಯಾಮಿನೇಷನ್ ಮಾಡಿಸಬೇಡ, ಆಮೇಲೆ ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲೊ ಟೇಪು ಹಚ್ಚಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ. ನಿಮ್ಮ ಮಲೆನಾಡಿನ ಮಳೆಗೆ ಮರದ ಬೀರು ಸಾಲದು. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಬಿಸಿಲಿನ ದಿನ ನೆರಳಲ್ಲಿ ಗಾಳಿಯಾಡಿಸು. ಬೂಷ್ಟು ಕಂಡರೆ ಉಜ್ಜಬೇಡ, ಹರಡುತ್ತದೆ. ಪೂರಾ ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಕೊಡವು. ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡು, ಲಕೋಟೆಯನ್ನೂ ಸೇರಿಸಿ. ಹಿರಿಯರು ದಿನಾಂಕ ಹಾಕುವುದು ಮರೆತಿದ್ದರೆ ಮೊಹರೇ ಅದನ್ನು ಹೇಳುತ್ತದೆ.

ಒಂದು ವಿಷಯವನ್ನು ಈಗಲೇ ಮನಸ್ಸಿನಲ್ಲಿಡು: ಕಾಗದದ ಹಾಳೆ ನಿನ್ನದಾದರೂ ಅದರ ಮೇಲಿನ ಬರಹದ, ಚಿತ್ರದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಬರೆದವರದೇ. ವಾಟ್ಸಾಪಿಗೆ ಹಾಕುವ ಮೊದಲು ಅವರನ್ನು ಕೇಳು.

ಮೊದಲ ಕಾಗದದಲ್ಲಿ ನಿನ್ನ ಪರಿಚಯ ನಾಲ್ಕು ಸಾಲು ಮೀರದಿರಲಿ. ಒಂದು ಎಲೆಯ ಚಿತ್ರ, ಅದರ ಬಗ್ಗೆ ಒಂದು ಪ್ರಶ್ನೆ, ನಿನ್ನ ವಿಳಾಸ ಮತ್ತು ಪಿನ್‌ಕೋಡ್ ಬರೆದ ಎರಡು ಖಾಲಿ ಅಂಚೆ ಕಾರ್ಡು ಇಡು. ಅವರ ವಯಸ್ಸಿನಲ್ಲಿ ಅಂಚೆ ಕಚೇರಿಗೆ ಹೋಗಿ ಕಾರ್ಡು ಕೊಳ್ಳುವುದೇ ಕಷ್ಟದ ಕೆಲಸ. ಕಾರ್ಡು ಮೇಜಿನ ಮೇಲಿದ್ದರೆ ಕೈ ತಾನಾಗಿ ಕುಂಚದ ಕಡೆ ಹೋಗುತ್ತದೆ.

ಇಂತಿ ನಿನ್ನ,
ಗೆಳೆಯ