ನಿಂತು ನೋಡುವವರಿಗೂ ಒಂದು ಸ್ಟ್ಯಾಂಡು ಕೊಡಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವನು. ನಮ್ಮ ಏರಿಯಾದಲ್ಲಿ ಕ್ರಿಕೆಟ್‌ಗಿಂತ ಫುಟ್‌ಬಾಲ್ ಹುಚ್ಚೇ ಜಾಸ್ತಿ. ಅಪ್ಪ ಒಂದು ಕಾರ್ಖಾನೆಯ ಟೀಮಿಗೆ ಹನ್ನೆರಡು ವರ್ಷ ಲೆಫ್ಟ್ ಬ್ಯಾಕ್ ಆಡಿದವರು. ನಾನು ಆಡಿದ್ದು ಕಡಿಮೆ, ನೋಡಿದ್ದು ಜಾಸ್ತಿ. ಈ ಪತ್ರವನ್ನು ಎರಡು ವರ್ಷದ ಹಿಂದೆಯೇ ಬರೆಯಬೇಕಿತ್ತು. ಅರ್ಜಿ ಕೊಟ್ಟರೆ ಕೆಲಸ ಆಗುತ್ತೆ ಅಂತ ನಂಬಿ ಕೂತಿದ್ದೆ. ಆಗಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ಸರ್ಕಾರದ ಕೈಯಲ್ಲಿರುವ ಫುಟ್‌ಬಾಲ್ ಮೈದಾನಗಳಲ್ಲಿ ನಿಂತು ಆಟ ನೋಡುವವರಿಗೆ ಅಂತಲೇ ಒಂದು ಸ್ಟ್ಯಾಂಡು ಕೊಡಿ. ಸುಮ್ನೆ ಸೀಟು ಕಿತ್ತು ಬಿಡಿ ಅಂತ ಹೇಳುತ್ತಿಲ್ಲ. ಪ್ರತಿ ಸಾಲಿನ ಮುಂದೆ ಸೊಂಟದ ಎತ್ತರಕ್ಕೆ ಗಟ್ಟಿ ಕಬ್ಬಿಣದ ಕಂಬಿ ಇರಬೇಕು. ಒಬ್ಬರಿಗೆ ಒಂದೇ ಜಾಗ, ಒಂದು ಟಿಕೆಟ್ಟು, ಒಂದು ನಂಬರು. ಸೇಫ್ ಸ್ಟ್ಯಾಂಡಿಂಗ್ ಅಂತಾರಲ್ಲ, ಅದು. ನಿಮಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ನಿಯಮಗಳೂ ನಿಮಗೆ ಗೊತ್ತಿವೆ. ಹಾಗಾಗಿ ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಏನಾಯಿತು ಅನ್ನುವುದನ್ನು ಹೇಳುತ್ತೇನೆ.

ಆ ಮೈದಾನದ ಹೆಸರು ಇಲ್ಲಿ ಬೇಡ. ಒಂದು ಮೈದಾನದ ಮೇಲೆ ಗೂಬೆ ಕೂರಿಸಿ ಉಳಿದವರು ಕೈ ತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಅಪ್ಪನಿಗೆ ಆಗ ಎಪ್ಪತ್ತೊಂದು. ಎರಡೂ ಮೊಣಕಾಲು ಸವೆದಿವೆ. ಆರೇಳು ವರ್ಷದಿಂದ ಮೈದಾನಕ್ಕೆ ಬಂದಿರಲಿಲ್ಲ, ಟೀವಿಯಲ್ಲೇ ನೋಡುತ್ತಿದ್ದರು. ಒಂದು ದಿನ ಅವರಾಗಿಯೇ "ಒಂದ್ಸಲ ಕರ್ಕೊಂಡು ಹೋಗೋ" ಅಂದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಅಕ್ಕನ ಮಗಳೂ ಬರುತ್ತೇನೆ ಅಂದಳು. ಅವಳಿಗೆ ಆಗ ಹತ್ತು ವರ್ಷ. ಮೂರು ಟಿಕೆಟ್ ತೆಗೆದೆ. ಮೂರೂ ಸೀಟಿನ ಟಿಕೆಟ್ಟು, ನಂಬರು ಸಮೇತ.

ಆಟ ಶುರುವಾದ ಐದು ನಿಮಿಷಕ್ಕೆ ಮುಂದಿನವರೆಲ್ಲ ಎದ್ದು ನಿಂತರು. ಡೋಲು ಬಾರಿಸಿದರು, ಹಾಡಿದರು. ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಅವರ ವಯಸ್ಸಿನಲ್ಲಿ ನಾನೂ ಹಾಗೇ ನೋಡಿದ್ದು, ಈಗಲೂ ಹಾಗೇ ನೋಡೋದು. ಮುಂದಿನ ಸಾಲು ಎದ್ದರೆ ಹಿಂದಿನ ಸಾಲೂ ಏಳಬೇಕು, ಬೇರೆ ದಾರಿ ಇಲ್ಲ. ಅಪ್ಪ ಇಪ್ಪತ್ತು ನಿಮಿಷ ನನ್ನ ಭುಜ ಹಿಡಿದುಕೊಂಡು ನಿಂತರು. ಆಮೇಲೆ ಆಗಲಿಲ್ಲ, ಕೂತುಬಿಟ್ಟರು. ಕೂತವರ ಮುಂದೆ ಇದ್ದದ್ದು ಬರೀ ಬೆನ್ನುಗಳು. ಉಳಿದ ಆಟ ಪೂರ್ತಿ ಆ ಮನುಷ್ಯ ಬೆನ್ನುಗಳನ್ನೇ ನೋಡುತ್ತಾ ಕೂತಿದ್ದರು ಸರ್. ಗೋಲು ಬಿದ್ದದ್ದು ಅವರಿಗೆ ಗೊತ್ತಾದದ್ದು ಸದ್ದಿನಿಂದ. "ಯಾರು ಹೊಡೆದಿದ್ದು?" ಅಂತ ನನ್ನ ಅಂಗಿ ಜಗ್ಗಿ ಕೇಳಿದರು. ಉತ್ತರ ಹೇಳುವಷ್ಟರಲ್ಲಿ ನಾನು ಬಿದ್ದಿದ್ದೆ.

ಹಿಂದಿನ ಸಾಲಿನ ಹುಡುಗನೊಬ್ಬ ಸೀಟಿನ ಮೇಲೆ ಹತ್ತಿ ನಿಂತಿದ್ದ. ಅಲ್ಲಿ ಅರ್ಧ ಜನ ಸೀಟಿನ ಮೇಲೇ ನಿಂತಿದ್ದರು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಗೋಲಿನ ಖುಷಿಗೆ ಅವನು ಜಿಗಿದ, ಕಾಲ ಕೆಳಗಿನ ಪ್ಲಾಸ್ಟಿಕ್ ಒಡೆಯಿತು, ನನ್ನ ಮೇಲೆ ಬಿದ್ದ, ನಾನು ಮುಂದಿನ ಸೀಟು ದಾಟಿ ಕೆಳಗಿನ ಸಾಲಿಗೆ ಬಿದ್ದೆ. ಹಿಡಿದುಕೊಳ್ಳುವುದಕ್ಕೆ ಒಂದು ಕಂಬಿ ಇರಲಿಲ್ಲ. ಮುರಿದ ಸೀಟಿನ ಅಂಚು ಕಾಲು ಸೀಳಿತು. ಒಂಬತ್ತು ಹೊಲಿಗೆ. ಪ್ರಥಮ ಚಿಕಿತ್ಸೆಯ ಕೋಣೆಗೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರ ಇದೆ ಅನ್ನುವುದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಆ ಹುಡುಗನೇ ಅಳುತ್ತಾ ತನ್ನ ಟೀಮಿನ ಶಾಲು ಬಿಚ್ಚಿ ನನ್ನ ಕಾಲಿಗೆ ಕಟ್ಟಿದ. ಒಂದು ಕಡೆ ನೆಟ್ಟಗೆ ನಡೆಯಲಾಗದ ಅಪ್ಪ, ಇನ್ನೊಂದು ಕಡೆ ಹೆದರಿ ಬಿಳಿಚಿಕೊಂಡ ಮಗು, ಮಧ್ಯೆ ರಕ್ತ ಸುರಿಸಿಕೊಂಡು ನಾನು. ಹೀಗೆ ಹೊರಗೆ ಬಂದು ಆಟೋ ಹಿಡಿದೆವು. ಆ ಮಗು ಈವತ್ತಿಗೂ ಮೈದಾನಕ್ಕೆ ಬರಲ್ಲ ಅನ್ನುತ್ತಾಳೆ.

ಗಾಯ ವಾಸಿಯಾಯಿತು. ಅದಾದ ಮೇಲೆ ಸಂಬಂಧಪಟ್ಟ ಕಚೇರಿಗೆ ನಾಲ್ಕು ಸಲ ಅಲೆದೆನಲ್ಲ, ಅದು ವಾಸಿಯಾಗಿಲ್ಲ. ಪ್ರತಿ ಸಲವೂ ಅರ್ಧ ದಿನದ ರಜೆ. ಎರಡು ಅರ್ಜಿಗೆ ಸ್ವೀಕೃತಿ ಚೀಟಿ ಇದೆ, ಒಂದಕ್ಕೂ ಉತ್ತರ ಇಲ್ಲ. ನಾಲ್ಕನೇ ಸಲ ಒಬ್ಬ ಅಧಿಕಾರಿ ತಲೆ ಎತ್ತದೆ ಹೇಳಿದ ಮಾತು ಇದು: "ಸೀಟು ಕೊಟ್ಟಿದ್ದೀವಲ್ರೀ, ನಿಂತ್ಕೊಳ್ಳಿ ಅಂತ ಯಾರು ಹೇಳಿದ್ದು?"

ಸಚಿವರೇ, ಈ ಮಾತನ್ನು ಎರಡು ವರ್ಷದಿಂದ ನುಂಗಿಕೊಂಡು ಕೂತಿದ್ದೇನೆ. ಯಾರೂ ಹೇಳಿಲ್ಲ, ನಿಜ. ಆದರೆ ಜನ ನಿಲ್ಲುತ್ತಾರೆ. ಪ್ರತಿ ಆಟದಲ್ಲೂ ನಿಲ್ಲುತ್ತಾರೆ. ಸೀಟು ಇದೆ ಅಂದುಕೊಂಡು ನೀವು ಕಣ್ಣು ಮುಚ್ಚಿದರೆ ಅವರು ಕೂರುವುದಿಲ್ಲ. ಅದೇ ಸೀಟಿನ ಮೇಲೆ ಹತ್ತಿ ನಿಲ್ಲುತ್ತಾರೆ. ಈಗ ನಮ್ಮ ಮೈದಾನಗಳಲ್ಲಿ ನಿಂತು ನೋಡುವ ಪದ್ಧತಿ ಇಲ್ಲವೇ ಇಲ್ಲ ಅಂತಲ್ಲ. ಇದೆ. ಸುರಕ್ಷತೆ ಇಲ್ಲದೆ ಇದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಅಂದು ಮನೆಗೆ ಬರಬೇಕಾಗಿದ್ದ ಮಕ್ಕಳು ಅವರು. ಅದಾದ ಮೇಲೆ ಜನ ನಿಲ್ಲುವುದು ಅಂದರೆ ಸಾಕು, ಯಾವ ಅಧಿಕಾರಿಯೂ ಕಡತ ಮುಟ್ಟಲ್ಲ. ಆದರೆ ಆ ದಿನ ಪ್ರಾಣ ಹೋದದ್ದು ಗೇಟುಗಳ ಹತ್ತಿರ. ಎಷ್ಟು ಜನ ಬರುತ್ತಾರೆ, ಯಾವ ಬಾಗಿಲಿನಿಂದ ಯಾರನ್ನು ಬಿಡಬೇಕು ಅನ್ನುವ ಲೆಕ್ಕ ತಪ್ಪಿದ್ದರಿಂದ. ನಾನು ಕೇಳುತ್ತಿರುವುದೂ ಲೆಕ್ಕವನ್ನೇ. ಸಾವಿರ ಕಂಬಿ ಜಾಗ ಇದ್ದರೆ ಸಾವಿರ ಟಿಕೆಟ್ಟು, ಸಾವಿರದ ಒಂದನೆಯವರಿಗೆ ಒಳಗೆ ಪ್ರವೇಶ ಇಲ್ಲ.

ಹಿಲ್ಸ್‌ಬರೊ ಮೈದಾನದ ದುರಂತದ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದವರೂ ಇದ್ದಾರೆ. ಹೌದು, 1989ರ ಏಪ್ರಿಲ್ 15. ಇಂಗ್ಲೆಂಡಿನ ಶೆಫೀಲ್ಡ್ ಊರು, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್.ಎ. ಕಪ್ ಸೆಮಿಫೈನಲ್. ಆ ನೂಕುನುಗ್ಗಲು 97 ಜನರ ಪ್ರಾಣ ತೆಗೆಯಿತು. ನಾನು ಆ ಘಟನೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಓದಿ ರಾತ್ರಿ ನಿದ್ದೆ ಬಿಟ್ಟಿದ್ದೇನೆ. ಪೊಲೀಸರು ಹೊರಹೋಗುವ ಗೇಟನ್ನು ತೆಗೆಸಿ ಜನರನ್ನು ಒಳಗೆ ಬಿಟ್ಟರು. ಜನ ನಿಂತು ನೋಡುವ ಮಧ್ಯದ ಆವರಣಗಳು ಆಗಲೇ ತುಂಬಿದ್ದವು, ಅಲ್ಲಿಗೆ ಹೋಗುವ ಸುರಂಗದ ದಾರಿಯನ್ನು ಮುಚ್ಚಲಿಲ್ಲ. ಮುಂದೆ ಎತ್ತರದ ಬೇಲಿ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತ ಕಾಣಲೇ ಇಲ್ಲ. ತಪ್ಪೆಲ್ಲ ಅಭಿಮಾನಿಗಳದ್ದು ಅಂತ ವರ್ಷಗಟ್ಟಲೆ ಹೇಳಿದರು. 27 ವರ್ಷ ಆದ ಮೇಲೆ, 2016ರಲ್ಲಿ, ಅಲ್ಲಿನ ಜ್ಯೂರಿ ಅಭಿಮಾನಿಗಳ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದು ತೀರ್ಪು ಕೊಟ್ಟಿತು. 27 ವರ್ಷ! ಮಕ್ಕಳನ್ನು ಕಳೆದುಕೊಂಡ ಎಷ್ಟೋ ಅಪ್ಪ ಅಮ್ಮಂದಿರು ಅಷ್ಟರೊಳಗೆ ತೀರಿಕೊಂಡಿದ್ದರು.

ಆ ದುರಂತದ ಮೇಲೆ ಬಂದ 1990ರ ಟೇಲರ್ ತನಿಖಾ ವರದಿ ಎಲ್ಲ ಕಡೆ ಸೀಟು ಹಾಕಿ ಎಂದಿತು, 1994ರ ಹೊತ್ತಿಗೆ ಅಲ್ಲಿನ ಮೇಲಿನ ಎರಡು ಲೀಗುಗಳಲ್ಲಿ ನಿಲ್ಲುವ ಸ್ಟ್ಯಾಂಡು ಹೋದವು. ನಮ್ಮವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಏನಾಯಿತು ಅಂತ ಯಾಕೆ ಹೇಳಲ್ಲ? ಸೀಟು ಹಾಕಿದ ಮೇಲೂ ಜನ ಅಲ್ಲಿ ನಿಂತೇ ನೋಡಿದರು, ಸೀಟಿಗೆ ಕಾಲು ತಾಗಿಸಿಕೊಂಡು, ಬಿದ್ದುಕೊಂಡು. ಕೊನೆಗೆ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. 2022ರ ಜನವರಿ 2ರಂದು ಚೆಲ್ಸಿ ಕ್ಲಬ್ಬಿನ ಮೈದಾನದಲ್ಲಿ ಮತ್ತೆ ಅನುಮತಿ ಪಡೆದು ನಿಂತು ನೋಡುವ ಆಟ ನಡೆಯಿತು. ಎದುರಾಳಿ ಯಾರು ಗೊತ್ತಾ? ಲಿವರ್‌ಪೂಲ್. ಐದು ಕ್ಲಬ್ಬುಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಗೋಲು ಬಿದ್ದಾಗ ಜನ ಒಬ್ಬರ ಮೇಲೊಬ್ಬರು ಉರುಳುವ ಅಪಾಯವನ್ನು ಕಂಬಿ ತಡೆಯುತ್ತದೆ ಅನ್ನುವುದು ಕಂಡುಬಂತು. ಅದೇ ವರ್ಷದ ಮುಂದಿನ ಸೀಸನ್ನಿನಿಂದ ಉಳಿದ ಕ್ಲಬ್ಬುಗಳಿಗೂ ಬಾಗಿಲು ತೆರೆದರು. ಅದಕ್ಕೂ ಮೊದಲೇ, 2021ರಲ್ಲಿ, ಲಿವರ್‌ಪೂಲ್ ಕ್ಲಬ್ಬೇ ತನ್ನ ಆನ್‌ಫೀಲ್ಡ್ ಮೈದಾನದಲ್ಲಿ ಕಂಬಿ ಇರುವ ಸೀಟು ಹಾಕಿಸಿತ್ತು. ತಮ್ಮ 97 ಜನರನ್ನು ಕಳೆದುಕೊಂಡವರು ಸರ್ ಅವರು. ಅವರ ದುಃಖವನ್ನು ನನ್ನ ಅರ್ಜಿ ತಳ್ಳಿಹಾಕುವುದಕ್ಕೆ ಬಳಸಬೇಡಿ, ದಯವಿಟ್ಟು.

ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬು 2016ರಿಂದಲೇ ಇದನ್ನು ನಡೆಸುತ್ತಿದೆ. ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ ಒಂದೇ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ನಿಲ್ಲುತ್ತಾರೆ. ನಮಗೆ 25 ಸಾವಿರ ಬೇಡ. ಒಂದು ಸಾವಿರ ಕೊಟ್ಟು ನೋಡಿ. ಅಂತರರಾಷ್ಟ್ರೀಯ ಆಟಕ್ಕೆ ಸೀಟೇ ಬೇಕು ಅನ್ನುವ ನಿಯಮ ಇದೆ ಅಂತ ಹೇಳುತ್ತೀರಿ, ಗೊತ್ತು. ಕಂಬಿಗೆ ಸೇರಿಕೊಂಡೇ ಮಡಚುವ ಸೀಟು ಇರುತ್ತದೆ. ಲೀಗ್ ಆಟದ ದಿನ ಮಡಚಿ ಬೀಗ ಹಾಕಿ, ಅಂತರರಾಷ್ಟ್ರೀಯ ಆಟದ ದಿನ ಬಿಚ್ಚಿ. ಅಷ್ಟೇ.

ನಮ್ಮಲ್ಲಿ ಯಾರು ಫುಟ್‌ಬಾಲ್ ನೋಡ್ತಾರೆ ಅನ್ನುವ ಮಾತು ಮಾತ್ರ ನನ್ನ ಮುಂದೆ ಬೇಡ. 2016ರ ಅಕ್ಟೋಬರ್ 19ರ ರಾತ್ರಿ ನಾನು ಕಂಠೀರವದಲ್ಲಿದ್ದೆ. ಏಷ್ಯಾದ ಕ್ಲಬ್ಬುಗಳ ಎ.ಎಫ್.ಸಿ. ಕಪ್ ಸೆಮಿಫೈನಲ್, ನಮ್ಮ ಬೆಂಗಳೂರು ಎಫ್.ಸಿ. ಆಡಿದ್ದು ಮಲೇಷ್ಯಾದ ಜೊಹೊರ್ ಎದುರಿಗೆ. ಮೊದಲು ಗೋಲು ಹೊಡೆದದ್ದು ಅವರು. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. ಭಾರತದ ಒಂದು ಕ್ಲಬ್ಬು ಮೊದಲ ಸಲ ಆ ಕಪ್ಪಿನ ಫೈನಲ್ ಸೇರಿತು. ಆ ರಾತ್ರಿ ನಮ್ಮ ಕಡೆ ಒಬ್ಬರೂ ಕೂತಿರಲಿಲ್ಲ. ಪಕ್ಕದಲ್ಲಿದ್ದವರ ಹೆಸರೇ ಗೊತ್ತಿಲ್ಲ, ತಬ್ಬಿಕೊಂಡು ಅತ್ತೆವು. ಆ ಕ್ಲಬ್ಬಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ವರ್ಷಗಳಿಂದ ಮಳೆಯಲ್ಲೂ ನಿಂತು ಹಾಡಿ ಈ ಊರಿಗೆ ಫುಟ್‌ಬಾಲಿನ ಸದ್ದು ಕೊಟ್ಟಿದ್ದಾರೆ. 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು, ಅದೂ ದೂರದ ಸೌದಿಯ ರಿಯಾದ್‌ನಲ್ಲಿ. ಹಲಸೂರಿನ ಗೌತಮಪುರದಲ್ಲಿ ಜನ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ಈ ಊರಿಗೆ ಫುಟ್‌ಬಾಲ್ ಬೇಕು. ಫುಟ್‌ಬಾಲ್ ನೋಡುವವರಿಗೆ ಜಾಗ ಬೇಕು.

ಇನ್ನೊಂದು ವಿಷಯ. ಇದು ಬರೀ ಹುಡುಗರ ಪರವಾಗಿ ಬರೆದ ಪತ್ರ ಅಂತ ತಿಳಿಯಬೇಡಿ. ನನಗೆ ಹೆಚ್ಚು ನೋವಾದದ್ದು ಅಪ್ಪನ ವಿಷಯದಲ್ಲಿ. ನಿಲ್ಲುವವರಿಗೆ ಅವರದೇ ಸ್ಟ್ಯಾಂಡು ಇದ್ದಿದ್ದರೆ ಅಪ್ಪ ಬೇರೆ ಕಡೆ ಆರಾಮಾಗಿ ಕೂತು ಆಟ ನೋಡಬಹುದಿತ್ತು. ಅಲ್ಲಿ ಯಾರಾದರೂ ಎದ್ದರೆ "ಕೂತ್ಕೊಳ್ಳಪ್ಪಾ, ನಿಲ್ಲೋಕೆ ಆ ಕಡೆ ಜಾಗ ಇದೆ" ಅಂತ ಗಾರ್ಡ್ ಹೇಳಬಹುದಿತ್ತು. ಈಗ ಹೇಳುವುದಕ್ಕೆ ಅವರ ಬಾಯಲ್ಲಿ ಏನಿದೆ? "ಕೂತ್ಕೋ ಇಲ್ಲಾ ಹೊರಗೆ ನಡಿ" ಅನ್ನಬೇಕು, ಕಾಲರ್ ಹಿಡಿಯಬೇಕು, ಜಗಳ ಆಗಬೇಕು. ಬಸುರಿ ಹೆಂಗಸರು, ಚಿಕ್ಕ ಮಕ್ಕಳು, ಕಾಲಿಲ್ಲದವರು, ವಯಸ್ಸಾದವರು, ಇವರೆಲ್ಲ ದುಡ್ಡು ಕೊಟ್ಟು ಬೆನ್ನು ನೋಡಿಕೊಂಡು ಬರಬೇಕಾ? ಇದು ಯಾವ ನ್ಯಾಯ ಸರ್?

ಹಾಗಾಗಿ ಮತ್ತೆ ಕೇಳುತ್ತೇನೆ. ಒಂದು ಸ್ಟ್ಯಾಂಡು ಕೊಡಿ. ಕಂಬಿ ಹಾಕಿಸಿ. ಒಬ್ಬರಿಗೆ ಒಂದೇ ಜಾಗ ಇರಲಿ. ಆ ಸ್ಟ್ಯಾಂಡಿಗೆ ಬೇರೆಯದೇ ಗೇಟು, ಗೇಟಿನಲ್ಲಿ ಎಣಿಸಿ ಬಿಡುವ ವ್ಯವಸ್ಥೆ, ಮೆಟ್ಟಿಲ ಮೇಲೆ ಯಾರೂ ನಿಲ್ಲದಂತೆ ನೋಡಿಕೊಳ್ಳುವ ತರಬೇತಿ ಪಡೆದ ಜನ, ಬೀಗ ಇಲ್ಲದ ಪ್ರಥಮ ಚಿಕಿತ್ಸೆಯ ಕೋಣೆ. ಉಳಿದ ಕಡೆ ಸೀಟು ಸೀಟಾಗಿಯೇ ಇರಲಿ. ಮುಂದೆ ಹೊಸದಾಗಿ ಯಾವ ಫುಟ್‌ಬಾಲ್ ಮೈದಾನ ಕಟ್ಟಿದರೂ ನಕ್ಷೆಯಲ್ಲೇ ಇದು ಬರಲಿ, ಆಮೇಲೆ ಒಡೆದು ಕಟ್ಟುವುದು ಬೇಡ. ಜನಸಂದಣಿ ನಿಯಂತ್ರಣಕ್ಕೆ ಅಂತ ನಿಮ್ಮ ಸರ್ಕಾರವೇ 2025ರಲ್ಲಿ ಮಸೂದೆ ತಂದಿತು. ಜನ ಸೇರುವ ಜಾಗದ ಬಗ್ಗೆ ಅಷ್ಟು ಕಾಳಜಿ ಇದ್ದರೆ ಆ ಕಾಳಜಿ ಸ್ಟ್ಯಾಂಡಿನ ಒಳಗೂ ಬರಲಿ.

ಸಮಿತಿ ಮಾಡುತ್ತೇವೆ ಅನ್ನುತ್ತೀರೇನೋ. ಮಾಡಿ, ಆದರೆ ಅದರಲ್ಲಿ ವಾರ ವಾರ ಸ್ಟ್ಯಾಂಡಿನಲ್ಲಿ ನಿಲ್ಲುವ ನಾಲ್ಕು ಜನ ಅಭಿಮಾನಿಗಳೂ ಇರಲಿ. ವಿ.ಐ.ಪಿ. ಬಾಕ್ಸಿನಿಂದ ನೋಡಿದರೆ ಮುಂದಿನವರ ಬೆನ್ನು ಕಾಣಿಸುವುದಿಲ್ಲ.

ನನಗೆ ಪರಿಹಾರ ಬೇಡ. ಆಸ್ಪತ್ರೆ ಬಿಲ್ಲು ನಾನೇ ಕಟ್ಟಿದ್ದೇನೆ. ಒಂದು ಲಿಖಿತ ಉತ್ತರ ಬೇಕು. ಯಾವ ಮೈದಾನ, ಯಾವ ಸ್ಟ್ಯಾಂಡು, ಯಾವ ತಿಂಗಳ ಒಳಗೆ. ಆಗುವುದಿಲ್ಲ ಅಂದರೆ ಯಾಕೆ ಆಗಲ್ಲ ಅನ್ನುವುದನ್ನೂ ಬರೆಯಿರಿ. "ಪರಿಶೀಲನೆಯಲ್ಲಿದೆ" ಅನ್ನುವ ಒಂದು ಸಾಲು ಮಾತ್ರ ಕಳಿಸಬೇಡಿ. ಅಪ್ಪನಿಗೆ ಈಗ ಎಪ್ಪತ್ಮೂರು. ಮೊನ್ನೆ ಮತ್ತೆ ಕೇಳಿದರು, "ಈ ಸಲ ಕೂತು ನೋಡೋಕಾಗುತ್ತೇನೋ?" ಅಂತ. ಏನು ಹೇಳಲಿ ಸರ್?

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಆಸ್ಟಿನ್ ಟೌನಿನ ಒಬ್ಬ ಫುಟ್‌ಬಾಲ್ ಅಭಿಮಾನಿ