ಓಡಿದವನ ಲೆಕ್ಕಕ್ಕೇ ರನ್ನು

ಬಾಸ್ಟನ್

ಪೂಜ್ಯ ಅಜ್ಜನವರಿಗೆ ಮೊಮ್ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಕಳೆಯಿತು, ಸ್ವೆಟರುಗಳನ್ನು ಮಡಿಸಿಟ್ಟಿದ್ದೇನೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ ಅಂತ ಅಜ್ಜಿಗೆ ಹೇಳಿ.

ಮೊನ್ನೆ ಫೋನಿನಲ್ಲಿ "ಆ ಬೇಸ್‌ಬಾಲಿನಲ್ಲಿ ರನ್ನು ಯಾರ ಲೆಕ್ಕಕ್ಕೆ ಹೋಗುತ್ತೆ?" ಅಂದಿರಿ. ನಾನು ಏನೋ ಹಾರಿಕೆ ಉತ್ತರ ಕೊಟ್ಟೆ. ಈಗ ಕೇಳಿ: ಹೊಡೆದವನದಲ್ಲ, ಓಡಿದವನದು! ಮೈದಾನದ ಮೂರು ಬೇಸ್, ಅಂದರೆ ಓಡುವಾಗ ಮುಟ್ಟಬೇಕಾದ ಮೂಲೆಗಳನ್ನು ಸುತ್ತಿ ಬಂದು, ಬ್ಯಾಟ್ ಬೀಸುವ ಜಾಗದ ಹೋಮ್ ಪ್ಲೇಟ್ ಮುಟ್ಟಿದವನ ಹೆಸರಿಗೇ ರನ್ನು, ಹೊಡೆತ ಯಾರದಾದರೂ ಇರಲಿ. ಹೈಸ್ಕೂಲ್ ಮ್ಯಾಚಿನಲ್ಲಿ ಇನ್ನೊಬ್ಬರ ಐವತ್ತಕ್ಕೆ ಆ ತುದಿಯಿಂದ ಓಡಿ ಓಡಿ ಬೆವರಿಳಿಸಿ, ಸ್ಕೋರ್ ಪುಸ್ತಕದಲ್ಲಿ ಬರೀ ನಾಲ್ಕು ಬರೆಸಿಕೊಂಡ ನಿಮಗೆ ಇಲ್ಲಿ ನ್ಯಾಯ ಸಿಗುತ್ತಿತ್ತು.

ನಾನು ದಿನಾ ಇಳಿಯುವ ರಗಲ್ಸ್ ಸ್ಟೇಷನ್ನಿನ ಜಾಗದಲ್ಲೇ ಹಿಂದೆ ಸೌತ್ ಎಂಡ್ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನ ಇತ್ತು. 1871ರಲ್ಲಿ ಮೊದಲ ವೃತ್ತಿಪರ ಲೀಗ್ ಶುರುವಾದಾಗ ಬಾಸ್ಟನ್ ರೆಡ್ ಸ್ಟಾಕಿಂಗ್ಸ್ ಆಡಿದ್ದು ಅಲ್ಲೇ. ತಂಡ ಕಟ್ಟಿದ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವರು, ಮೊದಲು ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಆಡುತ್ತಿದ್ದವರು. ನೋಡಿ, ಬೇರು ನಮ್ಮ ಆಟದಲ್ಲೇ ಇದೆ.

ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ನು ಇದೇ ತಂಡದ ರಾಸ್ ಬಾರ್ನ್ಸನದು: 31 ಪಂದ್ಯ, 66 ರನ್. ಫೀಲ್ಡರುಗಳು ಬರಿಗೈಯಲ್ಲಿ ಹಿಡಿಯುತ್ತಿದ್ದ ಕಾಲ, ಚೆಂಡು ಕೈಜಾರುತ್ತಿದ್ದದ್ದೇ ಹೆಚ್ಚು. ಜೊತೆಗೆ ಅವನದೊಂದು ಕಿಲಾಡಿತನ: ಚೆಂಡನ್ನು ಗೆರೆಯೊಳಗೆ ಕುಕ್ಕಿಸಿ ಹೊರಕ್ಕೆ ಚಿಮ್ಮಿಸುವುದು. ಆಗಿನ ನಿಯಮದಲ್ಲಿ ಅದು ಸರಿಯಾದ ಹೊಡೆತವೇ. 1876ರಲ್ಲಿ ಷಿಕಾಗೋ ತಂಡಕ್ಕೆ ಹೋಗಿ 66 ಪಂದ್ಯಗಳಲ್ಲಿ 126 ರನ್ ಮಾಡಿದ. ಮರುವರ್ಷ ನಿಯಮ ಬದಲಾಯಿತು, ಅವನಿಗೆ ಜ್ವರವೂ ಹಿಡಿಯಿತು. ಮತ್ತೆ ಆ ಬಾರ್ನ್ಸ್ ಕಾಣಲಿಲ್ಲ.

ನನಗೆ ಇಷ್ಟವಾದವನು ಮಾತ್ರ ಬಿಲ್ಲಿ ಹ್ಯಾಮಿಲ್ಟನ್. ಕುಳ್ಳ. ನೆಲದ ಮೇಲೆ ಜಾರಿಕೊಂಡು ಬೇಸ್ ಕದಿಯುತ್ತಿದ್ದದ್ದಕ್ಕೆ (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿಬಿಡುವುದು) 'ಸ್ಲೈಡಿಂಗ್ ಬಿಲ್ಲಿ' ಅಂತಲೇ ಹೆಸರು. 1894ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ 198 ರನ್! ಹಿಂದಿನ ವರ್ಷವಷ್ಟೇ ಚೆಂಡೆಸೆಯುವ ಪಿಚರನನ್ನು 60 ಅಡಿ 6 ಅಂಗುಲ ದೂರಕ್ಕೆ ಸರಿಸಿದ್ದರಿಂದ ಬ್ಯಾಟ್ ಹಿಡಿದವರಿಗೆಲ್ಲ ಹಬ್ಬ, ನಿಜ. ಆದರೂ ಹೊಡೆತಕ್ಕೆ ಹೆಸರಾದ ಬೇಬ್ ರೂತ್ ಕೂಡ 1921ರಲ್ಲಿ 177ಕ್ಕೇ ನಿಂತ. ಹ್ಯಾಮಿಲ್ಟನ್ ಇಡೀ ಆಯುಸ್ಸಿನಲ್ಲಿ ಹೊಡೆದ ಹೋಮ್ ರನ್ (ನಮ್ಮ ಸಿಕ್ಸರಿನಂಥ ದೊಡ್ಡ ಹೊಡೆತ) ನಲವತ್ತೇ. ಹೇಗಾದರೂ ಮೊದಲ ಬೇಸ್ ಸೇರುವುದು, ಉಳಿದದ್ದನ್ನು ಕಾಲಿಗೆ ಬಿಡುವುದು. ಆಡಿದ ಪಂದ್ಯ 1,594, ರನ್ನು 1,697. ಪಂದ್ಯಕ್ಕಿಂತ ರನ್ನೇ ಜಾಸ್ತಿ! 1896ರಿಂದ ಅವನೂ ಬಾಸ್ಟನ್ನಿನವನೇ, ಓಡಿದ್ದು ನನ್ನ ಸ್ಟೇಷನ್ನಿನ ನೆಲದಲ್ಲೇ. ನಾನೂ ಬೆಳಿಗ್ಗೆ ರೈಲು ತಪ್ಪೀತೆಂದು ಅಲ್ಲಿ ಓಡುತ್ತೇನೆ, ಯಾರೂ ಬರೆದುಕೊಳ್ಳುವುದಿಲ್ಲ.

ನಿಮ್ಮ ಹಳೇ ಸ್ಕೋರ್ ಪುಸ್ತಕ ಅಟ್ಟದಲ್ಲಿದ್ದರೆ ಗೆದ್ದಲು ಹಿಡಿಯುವ ಮುಂಚೆ ಇಳಿಸಿಡಿ. ನೀವೇ ಹತ್ತಬೇಡಿ, ಮಂಡಿನೋವು. ಡಿಸೆಂಬರಿಗೆ ಬಂದಾಗ ಆ ಮ್ಯಾಚನ್ನು ಬೇಸ್‌ಬಾಲ್ ಲೆಕ್ಕದಲ್ಲಿ ಇನ್ನೊಮ್ಮೆ ಬರೆಯೋಣ.

ಇಂತಿ,
ನಿಮ್ಮ ಪ್ರೀತಿಯ ಮೊಮ್ಮಗಳು